ಗೆಣಸಿನ ಊರಿಂದ ಕೋಟೆಯ ಊರಿಗೆ: ತಾಯ್ ಚಿ ಗುರು ಯಾಂಗ್ ಲೂಚಾನ್‌ನ ದಾರಿಯಲ್ಲಿ

ಮೊದಲ ದಿನ: ಹಳದಿ ನದಿಯ ಆಚೆ

ಝೆಂಗ್‌ಝೋ ಪೇಟೆಯ ಎತ್ತರದ ಕಟ್ಟಡಗಳು ಹಿಂದೆ ಸರಿಯುತ್ತಿದ್ದಂತೆ ಹಳದಿ ನದಿ ಸಿಕ್ಕಿತು. ಅಕ್ಟೋಬರ್ ಕೊನೆ. ನೀರು ಕಡಿಮೆ, ಮರಳು ಜಾಸ್ತಿ. ಸೇತುವೆ ಮಾತ್ರ ಮುಗಿಯೋ ಲಕ್ಷಣವೇ ಇರಲಿಲ್ಲ. ಮಣ್ಣು ಕದಡಿದ ನೀರು ಎರಡು ಮೂರು ಕವಲಾಗಿ ಅವಸರವಿಲ್ಲದೆ ಹರಿಯುತ್ತಿತ್ತು. "ಈಗ ಹೀಗೆ ಸುಮ್ನೆ ಇರುತ್ತೆ, ನಂಬಬೇಡಿ" ಅಂದ ಟ್ಯಾಕ್ಸಿಯವನು. 1938ರಲ್ಲಿ ಜಪಾನಿ ಸೈನ್ಯವನ್ನು ತಡೆಯೋಕೆ ಚೀನಾದ ಸೈನ್ಯವೇ ಇಲ್ಲಿಗೆ ಹತ್ತಿರದ ಹುವಾಯುವಾನ್‌ಕೋ ಅನ್ನೋ ಕಡೆ ನದಿಯ ಏರಿ ಒಡೆದಿತ್ತು. ಲಕ್ಷಾಂತರ ಜನ ಸತ್ತರು. ಆತ ಹುಟ್ಟೋಕೆ ಎಷ್ಟೋ ವರ್ಷ ಮುಂಚಿನ ಕಥೆ. ಆದ್ರೆ ಕಣ್ಣಾರೆ ಕಂಡವನ ಹಾಗೆ ಹೇಳಿದ.

ಮಾತಿನ ಭಾರವೆಲ್ಲ ನನ್ನ ಗೆಳತಿಯ ಮೇಲೆ. ಅವಳು ಸಿಂಗಪುರದ ಚೀನೀಯಳು, ನಾನು ಅಲ್ಲಿಗೆ ಸೇರಿಕೊಂಡ ರಾಮನಗರದವಳು. ನನ್ನ ಮ್ಯಾಂಡರಿನ್ ತರಕಾರಿ ಚೌಕಾಸಿಗೆ ಸಾಕು, ಅಷ್ಟೇ. ಇಬ್ಬರೂ ಒಂದೇ ಗುಂಪಿನಲ್ಲಿ ತಾಯ್ ಚಿ ಅನ್ನೋ ಚೀನೀ ಸಮರಕಲೆ ಕಲಿಯುತ್ತೇವೆ. ನಾವು ಕಲಿಯುವುದು ಯಾಂಗ್ ಶೈಲಿ. ಆ ಹೆಸರಿನ ಮೂಲಪುರುಷ ಯಾಂಗ್ ಲೂಚಾನ್ ಹುಟ್ಟಿದ್ದು 1799ರಲ್ಲಿ, ತೀರಿಕೊಂಡಿದ್ದು 1872ರಲ್ಲಿ. ಕಲಿತದ್ದು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಅನ್ನೋ ಹಳ್ಳಿಯಲ್ಲಿ, ಹುಟ್ಟೂರು ಹೆಬೇ ಪ್ರಾಂತ್ಯದ ಗ್ವಾಂಗ್‌ಫು ಅನ್ನೋ ಕೋಟೆಯ ಊರು, ಹೆಸರು ಮಾಡಿದ್ದು ಬೀಜಿಂಗಿನಲ್ಲಿ. ಅದೇ ಕ್ರಮದಲ್ಲಿ ಹೋಗಿ ಬರೋಣ ಅಂತ ಹೊರಟಿದ್ದೆವು.

ನದಿ ದಾಟಿದ ಮೇಲೆ ರಸ್ತೆಯ ಅರ್ಧಭಾಗ ಮೆಕ್ಕೆಜೋಳದ ಪಾಲು. ಕಾಳು ಬಿಡಿಸಿ ಡಾಂಬರಿನ ಮೇಲೆ ಹರಡಿದ್ದಾರೆ, ಅಂಚಿಗೆ ಇಟ್ಟಿಗೆ ಸಾಲು. ವಾಹನಗಳು ಉಳಿದ ಅರ್ಧದಲ್ಲಿ ಹೊಂದಿಕೊಂಡು ಹೋಗಬೇಕು. ಎದುರಿಗೆ ಟ್ರ್ಯಾಕ್ಟರ್ ಬಂತು. ನಮ್ಮವನು ಜೋಳ ತುಳಿಯಬಾರದು ಅಂತ ಕಾರನ್ನು ಇನ್ನೊಂದು ಬದಿಗೆ ಒತ್ತಿದ. ಹಿಂದಿನ ಚಕ್ರ ಕಾಲುವೆಗೆ ಇಳಿಯಿತು. ಹೊಲದಲ್ಲಿ ಗೋಧಿ ಬಿತ್ತುತ್ತಿದ್ದ ಐದಾರು ಜನ ಬಂದು ಎತ್ತಿ ಕೊಟ್ಟರು. ದುಡ್ಡು ಕೊಡೋಕೆ ಹೋದರೆ ಬೈದರು. ಮುದುಕಿಯೊಬ್ಬಳು ನಮ್ಮ ಕೈಗೆ ಹಣ್ಣಾದ ಪರ್ಸಿಮನ್ ತುರುಕಿ, "ಚೆನ್‌ಜಿಯಾಗೋಗಾ? ಒದೆಯೋದು ಕಲಿಯೋಕಾ?" ಅಂತ ಕೇಳಿ ನಕ್ಕಳು. ಹಣ್ಣು ಎಷ್ಟು ಮೆತ್ತಗಿತ್ತು ಅಂದ್ರೆ ಕಾರಿನ ಸೀಟು ಕೂಡ ತಿಂದಿತು.

ವೆನ್ ಕೌಂಟಿ ಪೇಟೆಯಲ್ಲಿ ನಾವು ಕಾಯ್ದಿರಿಸಿದ್ದ ಹೋಟೆಲು ನನ್ನ ಪಾಸ್‌ಪೋರ್ಟ್ ನೋಡಿ ಕೈ ಚೆಲ್ಲಿತು. ವಿದೇಶಿಯರನ್ನು ನೋಂದಾಯಿಸೋದು ಅಲ್ಲಿನವರಿಗೆ ಗೊತ್ತಿರಲಿಲ್ಲ. ಸಣ್ಣ ಊರುಗಳಲ್ಲಿ ಇದು ಆಗುತ್ತಿರುತ್ತದಂತೆ. ನೀವು ಹೋಗೋದಾದರೆ ಮುಂಚೆಯೇ ಫೋನ್ ಮಾಡಿಸಿ ಕೇಳಿಕೊಳ್ಳಿ. ಟ್ಯಾಕ್ಸಿಯವನು ಪರಿಚಯದವರಿಗೆ ಫೋನ್ ಹಚ್ಚಿದ. ಅರ್ಧ ಗಂಟೆಯಲ್ಲಿ ನಾವು ಹಳ್ಳಿಯೊಳಗೇ ಒಂದು ಮನೆಯ ಮಹಡಿಯಲ್ಲಿದ್ದೆವು. ತಾಯ್ ಚಿ ಕಲಿಯೋಕೆ ದೇಶವಿದೇಶದವರು ಬಂದು ತಿಂಗಳುಗಟ್ಟಲೆ ಇರೋ ಊರು, ಅವರಿಗೆ ಪಾಸ್‌ಪೋರ್ಟ್ ಹೊಸದಲ್ಲ.

ರಾತ್ರಿ ಊಟಕ್ಕೆ ಹೆನಾನಿನ ಹೆಮ್ಮೆ ಹುಯ್‌ಮಿಯಾನ್. ಬೆರಳಗಲದ ನೂಡಲ್ಸ್. ಆದ್ರೆ ಸಾರು ಕುರಿಮಾಂಸದ್ದು. ನಾನು ಮೊಟ್ಟೆಯವರೆಗೆ ಮಾತ್ರ. ಮನೆಯಾಕೆ ಒಂದು ನಿಮಿಷ ಯೋಚಿಸಿ, ಟೊಮೇಟೊ ಮೊಟ್ಟೆ ಹಾಕಿ ಬೇರೆ ಮಾಡಿಕೊಟ್ಟಳು. ಪಕ್ಕದಲ್ಲಿ ಬೇಯಿಸಿದ ಉದ್ದುದ್ದ ಗೆಣಸು, ಅದ್ದಿಕೊಳ್ಳೋಕೆ ಸಕ್ಕರೆ. ಸಿಪ್ಪೆ ತುಂಬ ಕೂದಲು, ದಪ್ಪ ಹೆಬ್ಬೆರಳಿನಷ್ಟು. ಒಳಗೆ ಬೆಳ್ಳಗೆ, ಹಿಟ್ಟು ಹಿಟ್ಟು. ಕಬ್ಬಿಣದ ಕೋಲು ಅಂತ ಅದರ ಹೆಸರು. ವೆನ್ ಕೌಂಟಿ ಚೀನಾದಲ್ಲೆಲ್ಲ ಗೊತ್ತಿರೋದು ಎರಡಕ್ಕೆ, ಒಂದು ತಾಯ್ ಚಿ, ಇನ್ನೊಂದು ಈ ಗೆಣಸು. ಈ ಭಾಗಕ್ಕೆ ಹಿಂದೆ ಹುವಾಯ್‌ಚಿಂಗ್ ಅಂತ ಹೆಸರಿತ್ತು. ಇಲ್ಲಿನ ನಾಲ್ಕು ಬೆಳೆ, ಅಂದರೆ ಈ ಗೆಣಸು, ಸೇವಂತಿಗೆ ಮತ್ತು ಇನ್ನೆರಡು ಬೇರುಗಳು, ಚೀನೀ ವೈದ್ಯದಲ್ಲಿ ನೂರಾರು ವರ್ಷದಿಂದ ಔಷಧಿ. ಯಾಂಗ್ ಲೂಚಾನ್ ಕಥೆಗೂ ಈ ಗೆಣಸಿಗೂ ನಂಟಿದೆ.

ಮರುದಿನ: ಚೆನ್‌ಜಿಯಾಗೋ

ಬೆಳಗ್ಗೆ ಎಬ್ಬಿಸಿದ್ದು ಕೋಳಿಯಲ್ಲ. ಧಡ್, ಧಡ್ ಅಂತ ನೆಲಕ್ಕೆ ಕಾಲು ಬಡಿಯೋ ಸದ್ದು. ಕಿಟಕಿ ತೆರೆದರೆ ಮಂಜು, ಮಂಜಿನೊಳಗೆ ಶಾಲೆಯ ಮೈದಾನ, ಅದರಲ್ಲಿ ನೂರಾರು ಮಕ್ಕಳು. ಒಟ್ಟಿಗೆ ಬಲಗಾಲು ಎತ್ತುತ್ತಾರೆ, ಒಟ್ಟಿಗೆ ಬಡಿಯುತ್ತಾರೆ. ಬಡಿಯುವಾಗ ಬಲಮುಷ್ಟಿ ಎಡಅಂಗೈ ಮೇಲೆ ಬೀಳಬೇಕು. ಒನಕೆಯಲ್ಲಿ ಕುಟ್ಟೋ ಈ ಭಂಗಿಗೆ ವಜ್ರಪಾಣಿ ಒರಳು ಕುಟ್ಟೋದು ಅಂತ ಹೆಸರು. ಊರಲ್ಲೊಂದು ಮಾತಿದೆ: ಚೆನ್ ಹಳ್ಳಿಯ ನೀರು ಕುಡಿದವರೆಲ್ಲ ಕಾಲೆತ್ತಬಲ್ಲರು, ಬರಲಿ ಬಿಡಲಿ ಒರಳನ್ನಂತೂ ಕುಟ್ಟಬಲ್ಲರು. ಮನೆಯಾಕೆ ಗಂಜಿ ಬಡಿಸುತ್ತ ಹೇಳಿದಳು. ನೀವೂ ಮಾಡ್ತೀರಾ ಅಂದದ್ದಕ್ಕೆ ಸೌಟು ಕೆಳಗಿಟ್ಟು ಅಡುಗೆಮನೆಯಲ್ಲೇ ಒಮ್ಮೆ ಕುಟ್ಟಿ ತೋರಿಸಿದಳು. ಕಪಾಟಿನ ಪಾತ್ರೆಗಳು ಗಲಗಲ ಅಂದವು.

ತಾಯ್ ಚಿ ಅಂದ್ರೆ ನಿಧಾನ ಅಂದುಕೊಂಡವರಿಗೆ ಈ ಊರು ಒಂದು ಆಘಾತ. ಇಲ್ಲಿನದು ಚೆನ್ ಶೈಲಿ. ನಿಧಾನವಾಗಿ ತಿರುಗುತ್ತ ತಿರುಗುತ್ತ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ನೆಗೆತ ಇದೆ, ಗುದ್ದು ಇದೆ. ಚೆನ್ ಮನೆತನದ ಮೊದಲಿಗ ಚೆನ್ ಬು, ಮಿಂಗ್ ಆಳ್ವಿಕೆಯ ಶುರುವಿನಲ್ಲಿ ಶಾನ್‌ಶಿ ಪ್ರಾಂತ್ಯದಿಂದ ವಲಸೆ ಬಂದವನು. ಒಂಬತ್ತನೇ ತಲೆಮಾರಿನ ಚೆನ್ ವಾಂಗ್‌ಟಿಂಗ್ 17ನೇ ಶತಮಾನದಲ್ಲಿ ಈ ಕಲೆಗೆ ರೂಪ ಕೊಟ್ಟ ಅನ್ನೋದು ಊರಿನ ನಂಬಿಕೆ, ಬಹಳ ಇತಿಹಾಸಕಾರರದ್ದೂ ಅದೇ. ಇಲ್ಲ, ಇದು ವುದಾಂಗ್ ಬೆಟ್ಟದ ಸನ್ಯಾಸಿ ಝಾಂಗ್ ಸಾನ್‌ಫೆಂಗ್ ಕೊಟ್ಟದ್ದು ಅನ್ನೋರೂ ಇದ್ದಾರೆ. ಆ ಮಾತನ್ನು ಈ ಊರಿನ ಪೂರ್ವಜರ ಗುಡಿಯ ಮುಂದೆ ನಿಂತು ಆಡಬೇಡಿ ಅಷ್ಟೇ.

ಗುಡಿ ದೊಡ್ಡದು, ಹೊಸದು, ಪ್ರವಾಸಿಗಳಿಗೆ ಕಟ್ಟಿದ್ದು ಅಂತ ಕಣ್ಣಿಗೆ ಹೊಡೆಯುತ್ತದೆ. ಮ್ಯೂಸಿಯಮ್ಮೂ ಹಾಗೇ. ಅಲ್ಲಿ ವಂಶವೃಕ್ಷ ನೋಡಿಕೊಂಡು ಬೇಗ ಹೊರಟೆವು. ನನಗೆ ನೋಡಬೇಕಿದ್ದದ್ದು ಚಿಕ್ಕದೊಂದು ಅಂಗಳ: ಯಾಂಗ್ ಲೂಚಾನ್ ಕಲಿತ ಜಾಗ.

ಬೂದು ಇಟ್ಟಿಗೆಯ ಗೋಡೆ, ತಗ್ಗಿದ ಸೂರು, ನಡುವೆ ಅಂಗಳ. ಮೂರು ಕಡೆ ಕೋಣೆಗಳು. ನಾವು ಹೋದಾಗ ಒಬ್ಬ ಅಪ್ಪ ತನ್ನ ಮಗನನ್ನು ಕಿಟಕಿಗೆ ಆನಿಸಿ, ಕದ್ದು ಇಣುಕೋ ಹಾಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಎಲ್ಲರೂ ಇಲ್ಲಿಗೆ ಬರೋದು ಆ ಫೋಟೋಗೇ. ಕಥೆ ಹೀಗೆ: ಈ ಮನೆ ಚೆನ್ ದೆಹು ಅನ್ನೋ ಶ್ರೀಮಂತನದ್ದು. ಯಾಂಗ್ ಇಲ್ಲಿ ಆಳು. ಗುರು ಚೆನ್ ಚಾಂಗ್‌ಶಿಂಗ್ ಇದೇ ಅಂಗಳದಲ್ಲಿ ರಾತ್ರಿ ಪಾಠ ಹೇಳುತ್ತಿದ್ದ. ಮನೆತನದ ಹೊರಗಿನವರಿಗೆ ಕಲಿಸೋ ಹಾಗಿಲ್ಲ. ಯಾಂಗ್ ಗೋಡೆಯ ಸಂದಿನಿಂದ ನೋಡಿ ನೋಡಿ ಕಲಿತ. ಒಂದು ದಿನ ಸಿಕ್ಕಿಬಿದ್ದ. ಮಾಡಿ ತೋರಿಸು ಅಂದರು. ಮಾಡಿದ. ಗುರು ಬೆರಗಾಗಿ ಶಿಷ್ಯನಾಗಿ ಒಪ್ಪಿಕೊಂಡ.

ಏಕಲವ್ಯನ ಕಥೆ ಕೇಳಿ ಬೆಳೆದ ನಮಗೆ ಇದು ತಕ್ಷಣ ಹಿಡಿಸುತ್ತದೆ, ಅಲ್ವಾ? ಇಲ್ಲಿ ಹೆಬ್ಬೆರಳೂ ಉಳಿಯಿತು. ಕಾದಂಬರಿ, ಸಿನಿಮಾದವರು ಇದನ್ನು ಇನ್ನೂ ಬೆಳೆಸಿ ಅವನನ್ನು ಮೂಕ ಭಿಕ್ಷುಕ ಕೂಡ ಮಾಡಿದ್ದಾರೆ. ನನಗೆ ಮಾತ್ರ ಆ ಅಂಗಳದಲ್ಲಿ ನಿಂತಾಗ ಕಥೆ ಅಷ್ಟು ಕೂಡಿ ಬರಲಿಲ್ಲ. ಗಾತ್ರ ನೋಡಿ. ನಮ್ಮ ಹಳ್ಳಿಯ ತೊಟ್ಟಿಮನೆಯ ಅಂಗಳಕ್ಕಿಂತ ದೊಡ್ಡದಲ್ಲ. ಇಲ್ಲಿ ಯಾರಾದರೂ ಕೆಮ್ಮಿದರೆ ಮೂರು ಕೋಣೆಗೂ ಕೇಳುತ್ತದೆ. ಇಂಥ ಜಾಗದಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಕದ್ದು ನೋಡೋದು ಹೇಗೆ? ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಿರಬೇಕು ಆ ಗುರು.

ಗುರುವಿನ ಬಗ್ಗೆಯೂ ಒಂದು ಮಾತು. ಚೆನ್ ಚಾಂಗ್‌ಶಿಂಗ್ ಹುಟ್ಟಿದ್ದು 1771ರಲ್ಲಿ. ವ್ಯಾಪಾರಿಗಳ ಸರಕಿಗೆ ಕಾವಲು ಹೋಗೋದು ಅವನ ಕಸುಬು. ಬೆನ್ನು ಎಷ್ಟು ನೇರ ಅಂದರೆ ಜನ ಅವನನ್ನು ಪೂರ್ವಜರ ಹಲಗೆ ಅಂತ ಕರೆಯುತ್ತಿದ್ದರು. ಪೂಜೆಗೆ ನಿಲ್ಲಿಸೋ ಮರದ ಹಲಗೆ ಗೊತ್ತಲ್ಲ, ಹಾಗೆ. ಕಳ್ಳರ ಕಾಟದ ದಾರಿಯಲ್ಲಿ ಸರಕು ಸಾಗಬೇಕು, ಅದಕ್ಕೆ ಹೊಡೆದಾಟ ಬಲ್ಲವರು ಬೇಕು. ಈ ಊರಿನ ಕಲೆ ಉಳಿದದ್ದು ಧ್ಯಾನಕ್ಕಲ್ಲ, ಹೊಟ್ಟೆಪಾಡಿಗೆ.

ಈಗ ಗೆಣಸಿನ ನಂಟು ಹೇಳುತ್ತೇನೆ. ಈ ಮನೆಯ ಯಜಮಾನ ಚೆನ್ ದೆಹು ಔಷಧಿ ವ್ಯಾಪಾರಿ. ಅವನ ತಾಯ್‌ಹೆ ತಾಂಗ್ ಅನ್ನೋ ಅಂಗಡಿ ಇದ್ದದ್ದು ಇಲ್ಲಲ್ಲ, ಉತ್ತರಕ್ಕೆ ದೂರದ ಹೆಬೇಯ ಯೊಂಗ್‌ನಿಯಾನ್ ಸೀಮೆಯ ಗ್ವಾಂಗ್‌ಫುವಿನಲ್ಲಿ, ಅಂದರೆ ಯಾಂಗ್‌ನ ಊರಿನಲ್ಲಿ. ಯಾಂಗ್ ಈ ಮನೆಗೆ ಬಂದು ಸೇರಿದ್ದು ಆ ಅಂಗಡಿಯ ಮೂಲಕ. ಗೋಡೆಯ ಸಂದಿಗಿಂತ ಮುಂಚೆ ಒಂದು ವ್ಯಾಪಾರದ ದಾರಿ ಇತ್ತು. ಬೇರು, ಗೆಣಸು ಮೇಲಕ್ಕೆ ಹೋದವು, ಒಬ್ಬ ಬಡ ಹುಡುಗ ಕೆಳಕ್ಕೆ ಬಂದ. ನನಗೆ ಈ ಕಥೆಯೇ ಹೆಚ್ಚು ರುಚಿ.

ಸಂಜೆ ಮನೆಯಾಕೆಯ ಮಾವ ಅಂಗಳದಲ್ಲಿ ಸಿಕ್ಕಿದರು. ಎಂಬತ್ತರ ಹತ್ತಿರದ ವಯಸ್ಸು. ಮೂರು ಸಲ ಕೇಳಿದರೂ ಯಾಂಗ್ ಬಗ್ಗೆ ಮಾತಾಡಲೇ ಇಲ್ಲ. ಅವರಿಗೆ ಹೇಳಬೇಕಿದ್ದದ್ದು ಚೆನ್ ಝಾವೋಪಿ ಬಗ್ಗೆ. ಈತ ಚೆನ್ ಮನೆತನದವರೇ, ಹುಟ್ಟು 1893. ಬೀಜಿಂಗ್, ನಾನ್‌ಜಿಂಗ್‌ಗಳಲ್ಲಿ ಕಲಿಸಿ ಹೆಸರು ಮಾಡಿ, ಆಮೇಲೆ ಹಳದಿ ನದಿ ಇಲಾಖೆಯಲ್ಲಿ ಕೆಲಸಕ್ಕಿದ್ದರು. 1958ರಲ್ಲಿ ಊರಿಗೆ ಬಂದು ನೋಡಿದರೆ ಯುದ್ಧ, ಬರ, ಬಡತನಗಳ ನಡುವೆ ಕಲೆಯೇ ಕಾಣೆಯಾಗಿತ್ತು. ಕಲಿಸುವಷ್ಟು ಬಲ್ಲವರು ಉಳಿದಿರಲಿಲ್ಲ. ಕೆಲಸಕ್ಕೆ ನಿವೃತ್ತಿ ಹೇಳಿ, ಮನೆಯಲ್ಲೇ ಹುಡುಗರನ್ನು ಕೂಡಿಸಿ ಶುರು ಮಾಡಿದರು. ಹಳೆಯದನ್ನೆಲ್ಲ ಅಳಿಸೋಕೆ ಹೊರಟ ಮಾವೋನ ಸಾಂಸ್ಕೃತಿಕ ಕ್ರಾಂತಿ ಬಂತು. ಅವಮಾನ ತಡೆಯದೆ ಬಾವಿಗೆ ಹಾರಿದರು. ಬದುಕಿದರು, ಕಾಲಿಗೆ ಪೆಟ್ಟಾಯಿತು. ಗಾಳಿ ಸ್ವಲ್ಪ ತಿಳಿಯಾದ ಮೇಲೆ ಮತ್ತೆ ಕಲಿಸಿದರು. 1972ರಲ್ಲಿ ತೀರಿಕೊಂಡರು. ಇವತ್ತು ಜಗತ್ತಿಡೀ ಸುತ್ತಿ ಚೆನ್ ಶೈಲಿ ಕಲಿಸಿದ ಚೆನ್ ಶಿಯಾವೋವಾಂಗ್, ಚೆನ್ ಝೆಂಗ್‌ಲೇ, ವಾಂಗ್ ಶಿಆನ್, ಝು ತಿಯಾನ್‌ಚಾಯ್, ನಾಲ್ವರೂ ಅವರ ಕೈಯಲ್ಲಿ ಪಳಗಿದ ಹುಡುಗರು.

"ನಿಮ್ಮ ಯಾಂಗ್ ಹೊರಗೆ ತಗೊಂಡು ಹೋದ. ಸರಿ, ಒಳ್ಳೇದಾಯ್ತು" ಅಂದರು ಅಜ್ಜ. "ಇವರು ಒಳಗೆ ತಗೊಂಡು ಬಂದರು."

ಗೆಳತಿ ಇದನ್ನು ಅನುವಾದ ಮಾಡೋ ಹೊತ್ತಿಗೆ ಅಜ್ಜ ಎದ್ದು ಹೋಗಿ ಟಿವಿ ಹಾಕಿದ್ದರು.

ಮೂರನೇ ದಿನ: ಒಂದು ಪಾಠ, ಒಂದು ರೈಲು

ಹೊರಡುವ ಮುಂಚೆ ಅರ್ಧ ದಿನದ ಪಾಠ. ಯಾವುದೇ ಶಾಲೆಗೆ ಹೋಗಿ ಕೇಳಿದರೂ ಹೊಸಬರಿಗೆ ಹೇಳಿಕೊಡುತ್ತಾರೆ, ದುಡ್ಡು ಮೊದಲೇ ಮಾತಾಡಿಕೊಳ್ಳಿ. ನಮಗೆ ಸಿಕ್ಕ ಹುಡುಗಿಗೆ ಇಪ್ಪತ್ತೂ ಆಗಿರಲಿಲ್ಲ. ನಮ್ಮ ಯಾಂಗ್ ಶೈಲಿಯನ್ನು ಎರಡು ನಿಮಿಷ ನೋಡಿ, "ಚೆನ್ನಾಗಿದೆ, ಆದ್ರೆ ಸೊಂಟ ಎಲ್ಲಿ?" ಅಂದಳು. ಆಮೇಲೆ ಮುಂಗೈ ಹಿಡಿದು ತಿರುಗಿಸೋದು ತೋರಿಸಿದಳು. ಅಂಗೈ ತಿರುಗಬೇಕು, ಅದಕ್ಕೆ ಮೊಣಕೈ, ಅದಕ್ಕೆ ಭುಜ, ಎಲ್ಲಕ್ಕೂ ಮೂಲ ಸೊಂಟ. ರೇಷ್ಮೆ ಸುತ್ತುವ ಬಲ ಅಂತ ಹೆಸರು. ರೇಷ್ಮೆ ಅಂದ ಕೂಡಲೇ ನನಗೆ ಹಿಡಿತ ಸಿಕ್ಕಿತು. ನಮ್ಮೂರಲ್ಲಿ ನೂಲು ಬಿಚ್ಚಾಣಿಕೆ ನೋಡಿ ಬೆಳೆದವಳು ನಾನು. ಬಿಸಿನೀರಲ್ಲಿ ಗೂಡು ಕುಣಿಯುತ್ತಿರುತ್ತದೆ, ಎಳೆ ಮೇಲೇಳುತ್ತದೆ. ಜೋರಾಗಿ ಎಳೆದರೆ ಪಟ್ ಅಂತ ತುಂಡು. ನಿಲ್ಲಿಸಿ ನಿಲ್ಲಿಸಿ ಎಳೆದರೆ ಸಿಕ್ಕು. ಒಂದೇ ವೇಗದಲ್ಲಿ ಬರಬೇಕು. ಇದನ್ನು ಗೆಳತಿಯ ಬಾಯಲ್ಲಿ ಹೇಳಿಸಿದೆ. ಆ ಹುಡುಗಿ ಗೂಡಿನಿಂದ ನೂಲು ಬಿಡೋದನ್ನು ಕಣ್ಣಲ್ಲಿ ನೋಡಿದವಳೇ ಅಲ್ಲ! ಫೋನಿನಲ್ಲಿ ರಾಮನಗರದ ವೀಡಿಯೋ ತೋರಿಸಿದೆ. ನಾಲ್ಕಾರು ಮಕ್ಕಳು ಮುತ್ತಿಕೊಂಡರು. ಪಾಠದ ಕೊನೆಯ ಕಾಲು ಗಂಟೆ ಅದಕ್ಕೇ ಹೋಯಿತು.

ಝೆಂಗ್‌ಝೋಗೆ ವಾಪಸ್ ಬಂದು ವೇಗದ ರೈಲು ಹತ್ತಿದರೆ, ಯಾಂಗ್ ಊರಿಗೆ ಹತ್ತಿರದ ಪೇಟೆ ಹಂದಾನ್ ಒಂದು ಗಂಟೆಯ ಹಾದಿ. ಟಿಕೆಟ್ಟು ಪಾಸ್‌ಪೋರ್ಟ್‌ಗೇ ಅಂಟಿಕೊಂಡಿರುತ್ತದೆ, ಅದನ್ನು ಚೀಲದ ತಳಕ್ಕೆ ಹಾಕಬೇಡಿ. ಯಾಂಗ್ ಈ ದಾರಿಯನ್ನು ನಡೆದೇ ಸವೆಸಿದ್ದು. ಮೂರು ಸಲ ಹೋಗಿ ಬಂದ, ಒಟ್ಟು ಹದಿನೆಂಟು ವರ್ಷ ಕಲಿತ ಅಂತಾರೆ. ಲೆಕ್ಕ ಎಷ್ಟು ಸರಿಯೋ, ಕಿಟಕಿಯಾಚೆ ಓಡುವ ಸಪಾಟು ಬಯಲು ನೋಡಿದರೆ ಒಂದು ಸಲವೂ ಸಾಕುಸಾಕು ಅನ್ನಿಸುತ್ತದೆ. ಒಂದು ದಿಣ್ಣೆಯಿಲ್ಲ, ನೆರಳಿಲ್ಲ.

ಹಂದಾನ್‌ನಲ್ಲಿ ಮಳೆ. ಕೊಡೆ ಹಿಡಿದೇ ಪೇಟೆ ನಡುವಿನ ಶುಯೇಬು ಸೇತುವೆ ನೋಡೋಕೆ ಹೋದೆವು. ಎರಡು ಸಾವಿರ ವರ್ಷಕ್ಕೂ ಹಳೆಯ ಕಥೆಯೊಂದಿದೆ. ಹಂದಾನ್ ಜನ ಬಹಳ ಚೆಂದ ನಡೆಯುತ್ತಾರೆ ಅಂತ ಕೇಳಿ ಯಾನ್ ರಾಜ್ಯದ ಒಬ್ಬ ಹುಡುಗ ಆ ನಡಿಗೆ ಕಲಿಯೋಕೆ ಬಂದ. ಅದು ಬರಲಿಲ್ಲ, ತನ್ನದೂ ಮರೆತುಹೋಯಿತು. ಕೊನೆಗೆ ತೆವಳಿಕೊಂಡು ಊರಿಗೆ ಹೋದ. ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿದ ಹಾಗೆ. ಬೆಳಗ್ಗೆ ಚೆನ್ ಶೈಲಿ ಕಲಿಯೋಕೆ ಹೋಗಿ ಯಾಂಗ್ ಶೈಲಿಯ ಹೆಜ್ಜೆ ತಪ್ಪಿಸಿಕೊಂಡಿದ್ದ ನಮ್ಮಿಬ್ಬರಿಗೂ ಆ ಸೇತುವೆ ಮೇಲೆ ನಗು ತಡೆಯೋಕೆ ಆಗಲಿಲ್ಲ. ಯಾಂಗ್ ಲೂಚಾನ್ ಇಂಥ ಊರಿನ ಹತ್ತಿರದವನು, ಬೇರೆಯವರ ನಡಿಗೆ ಕಲಿಯೋಕೆ ಹೋಗಿ ಅದನ್ನೇ ತನ್ನದು ಮಾಡಿಕೊಂಡು ಬಂದವನು.

ನಾಲ್ಕನೇ ದಿನ: ಗ್ವಾಂಗ್‌ಫು ಕೋಟೆ

ಹಂದಾನ್‌ನಿಂದ ಈಶಾನ್ಯಕ್ಕೆ ಗ್ವಾಂಗ್‌ಫು. ದಾರಿಯಲ್ಲಿ ಯೊಂಗ್‌ನಿಯಾನ್ ಸೀಮೆಯ ಎರಡು ಸರಕು ಕಣ್ಣಿಗೆ ಬೀಳುತ್ತವೆ: ನಟ್ಟು ಬೋಲ್ಟು ತುಂಬಿದ ಲಾರಿಗಳು, ಬೆಳ್ಳುಳ್ಳಿಯ ಹೊಲಗಳು. ಚೀನಾದ ನಟ್ಟು ಬೋಲ್ಟಿನ ದೊಡ್ಡ ಪಾಲು ಇಲ್ಲೇ ತಯಾರಾಗುವುದು. ಇಂಥ ಕಡೆ ಕೋಟೆ ಎಲ್ಲಿಂದ ಬರಬೇಕು ಅಂದುಕೊಳ್ಳುತ್ತಿದ್ದಂತೆ ಜೊಂಡು ಶುರುವಾಯಿತು. ಆಮೇಲೆ ನೀರು, ಒಣಗಿದ ತಾವರೆ ದಂಟು. ಅದರ ನಡುವೆ ಇಟ್ಟಿಗೆಯ ಗೋಡೆ ಎದ್ದು ನಿಂತಿತ್ತು.

ಊರು ಜೌಗಿನ ನಡುವೆ ಕೂತಿದೆ. ಸುತ್ತ ಕಂದಕ, ನಾಲ್ಕೂವರೆ ಕಿಲೋಮೀಟರಿನಷ್ಟು ಕೋಟೆ ಗೋಡೆ, ನಾಲ್ಕು ದಿಕ್ಕಿಗೆ ಬಾಗಿಲು. ಗೋಡೆ ಹತ್ತಬಹುದು, ಹತ್ತಲೇಬೇಕು. ಮಳೆ ನಿಂತಿತ್ತಾದರೂ ಮೆಟ್ಟಿಲು ಜಾರುತ್ತಿತ್ತು, ಒಳ್ಳೆ ಹಿಡಿತದ ಬೂಟು ಇರಲಿ. ಮೇಲೆ ಗಾಳಿ ಜೋರು. ಒಂದು ಕಡೆ ಜೊಂಡಿನ ಬಿಳಿ ಹೂವು ಅಲೆಯಾಗಿ ಮಲಗಿ ಏಳುತ್ತಿತ್ತು. ಇನ್ನೊಂದು ಕಡೆ ಹೆಂಚಿನ ಮನೆಗಳು, ಮಾಡಿನ ಮೇಲೆ ಒಣಗೋಕೆ ಹಾಕಿದ ಬಟ್ಟೆ, ಸೋಲಾರ್ ನೀರಿನ ಟ್ಯಾಂಕು. ಒಳಗೆ ಇನ್ನೂ ಜನ ಬದುಕುತ್ತಿದ್ದಾರೆ, ನನಗೆ ಹಿಡಿಸಿದ್ದು ಅದು.

ಬ್ಯಾಟರಿ ರಿಕ್ಷಾದವಳು ನಮ್ಮ ಗೈಡೂ ಆದಳು. ಇಲ್ಲಿನ ಪ್ರಸಿದ್ಧ ತಿಂಡಿ ಕತ್ತೆಮಾಂಸದ ಸಾಸೇಜು. ಬೇಡ ಅಂದಾಗ ಅವಳ ಮುಖ ಬಾಡಿತು. ಬೆಳ್ಳುಳ್ಳಿ ಉಪ್ಪಿನಕಾಯಿ ಎರಡು ಪೊಟ್ಟಣ ಕೊಂಡ ಮೇಲೆ ಸರಿಹೋಯಿತು. ಪೇಟೆ ಬೀದಿಯಲ್ಲಿ ರಿಕ್ಷಾ ನಿಲ್ಲಿಸಿ, "ತಾಯ್‌ಹೆ ತಾಂಗ್ ಔಷಧಿ ಅಂಗಡಿ ಇದೇ ಬೀದಿಯಲ್ಲಿ" ಅಂದಳು. ಚೆನ್ ದೆಹು ಅಂಗಡಿ! ಹೆನಾನ್‌ನಲ್ಲಿ ಹಿಡಿದ ಎಳೆಯ ಇನ್ನೊಂದು ತುದಿ ಇಲ್ಲಿ ಸಿಕ್ಕಿತು.

ಆ ಅಂಗಡಿಯ ಕಟ್ಟಡ ಇದ್ದದ್ದು ಊರಿನ ಸಿರಿವಂತ ವು ಮನೆತನದ್ದು. ಚೆನ್‌ಗಳು ಬಾಡಿಗೆಗೆ ಇದ್ದರು. ಆ ಮನೆತನದ ವು ಯೂಶಿಯಾಂಗ್ ಓದಿದವನು, ಕುಸ್ತಿಯ ಹುಚ್ಚಿದ್ದವನು. ಯಾಂಗ್ ಹೆನಾನ್‌ನಿಂದ ವಾಪಸ್ ಬಂದಾಗ ಅವನ ಕೈಚಳಕ ನೋಡಿ ಅವನಿಂದ ಕಲಿತ. ಸಾಲದು ಅನ್ನಿಸಿ 1852ರಲ್ಲಿ ತಾನೇ ಹೆನಾನ್‌ಗೆ ಹೋಗಿ, ಚೆನ್‌ಜಿಯಾಗೋ ಪಕ್ಕದ ಝಾವೋಬಾವೋ ಊರಿನಲ್ಲಿ ಚೆನ್ ಚಿಂಗ್‌ಪಿಂಗ್ ಹತ್ತಿರ ಇನ್ನಷ್ಟು ಕಲಿತ. ಅವನಿಂದ ವು ಶೈಲಿ ಹುಟ್ಟಿತು. ಅದೇ ಮನೆಯ ಇನ್ನೊಬ್ಬ, ಅವನ ಅಣ್ಣ ವು ರುಚಿಂಗ್, ಬೀಜಿಂಗಿನಲ್ಲಿ ದೊಡ್ಡ ಅಧಿಕಾರಿ. ಯಾಂಗ್‌ನನ್ನು ರಾಜಧಾನಿಗೆ ಶಿಫಾರಸು ಮಾಡಿದ್ದು ಅವನೇ ಅಂತಾರೆ. ಅಂಗಡಿಯ ಬಾಡಿಗೆ ಕರಾರು ಇಲ್ಲದಿದ್ದರೆ ಇದರಲ್ಲಿ ಯಾವುದೂ ನಡೆಯುತ್ತಿರಲಿಲ್ಲವೇನೋ.

ವು ಮನೆ ಕೋಟೆಯ ಒಳಗಿದೆ. ಅಂಗಳದ ಹಿಂದೆ ಅಂಗಳ, ಕೆತ್ತನೆಯ ಬಾಗಿಲು. ಯಾಂಗ್ ಮನೆ ಕೋಟೆಯ ಹೊರಗೆ, ದಕ್ಷಿಣ ಬಾಗಿಲಿನ ಆಚೆ. ಎರಡನ್ನೂ ಒಂದೇ ದಿನ ನೋಡಿ. ಯಾರು ಒಳಗೆ, ಯಾರು ಹೊರಗೆ ಅನ್ನೋದು ನಡೆದೇ ಗೊತ್ತಾಗುತ್ತದೆ. ಈಗ ಯಾಂಗ್ ಮನೆಯನ್ನು ನವೀಕರಿಸಿ ಚೊಕ್ಕವಾಗಿ ಇಟ್ಟಿದ್ದಾರೆ. ಬದುಕಿದ್ದಾಗ ಅವನಿಗೆ ಇಷ್ಟು ಜಾಗ ಇತ್ತೇ ಅನ್ನೋ ಅನುಮಾನ ಬರುವಷ್ಟು.

ಆ ಅಂಗಳದಲ್ಲಿ ಒಂದು ಗುಂಪು ಎದುರುಬದುರು ನಿಂತು ಕೈಗೆ ಕೈ ಅಂಟಿಸಿ ತಳ್ಳಾಟ ಆಡುತ್ತಿತ್ತು. ಬಲ ಹಾಕಿದವನು ಬೀಳುತ್ತಾನೆ, ಅದೇ ಆಟ. ಬೋಲ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡೋ ಮನುಷ್ಯನೊಬ್ಬ ನನ್ನನ್ನೂ ಕರೆದ. ಕೈ ಇಟ್ಟೆ. ಅವನ ಮುಂಗೈ ಒರಟು, ಆದರೆ ಅದರಲ್ಲಿ ಒತ್ತಡವೇ ಇಲ್ಲ. ನಾನು ಸ್ವಲ್ಪ ತಳ್ಳಿದೆ. ತಳ್ಳಿದ ಕಡೆ ಅವನಿರಲಿಲ್ಲ. ಎರಡು ಹೆಜ್ಜೆ ಮುಗ್ಗರಿಸಿ ಅವನ ಹೆಂಡತಿಯ ತೋಳಿಗೆ ಬಿದ್ದೆ. ಯಾಂಗ್ ಮನೆತನದ ಬಗ್ಗೆ ಒಂದು ದಂತಕಥೆ ಇದೆ. ಅಂಗೈ ಮೇಲೆ ಗುಬ್ಬಿ ಕೂತರೆ ಹಾರೋಕೆ ಆಗುತ್ತಿರಲಿಲ್ಲವಂತೆ. ಗುಬ್ಬಿ ಹಾರಬೇಕಾದರೆ ಕಾಲೊತ್ತಬೇಕು, ಒತ್ತೋ ಕ್ಷಣಕ್ಕೆ ಅಂಗೈ ಸರಿಯುತ್ತದೆ. ಇದನ್ನು ಮೊದಲು ಓದಿದಾಗ ನಕ್ಕಿದ್ದೆ. ಗುಬ್ಬಿಯ ಕಥೆ ಸುಳ್ಳೇ ಇರಲಿ, ಗುಬ್ಬಿಗೆ ಆಗೋದು ಏನು ಅಂತ ನನಗೀಗ ಗೊತ್ತು.

ಐದನೇ ದಿನ: ಬೀಜಿಂಗ್

ಬೀಜಿಂಗಿನಲ್ಲಿ ಯಾಂಗ್ ಹೆಸರಿನ ಜೊತೆ ನೋಡುವಂಥದ್ದು ಕಡಿಮೆ. ಅವನು ಮೊದಲು ವ್ಯಾಪಾರಿಯೊಬ್ಬನ ಮನೆಯಲ್ಲಿ ಕಲಿಸಿದ, ಆಮೇಲೆ ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜಮನೆತನದ ಮನೆಗಳಲ್ಲಿ, ಕಾವಲು ಪಡೆಯಲ್ಲಿ. ಸವಾಲು ಹಾಕಿದವರೆಲ್ಲ ಸೋತು ಅವನನ್ನು ಅಜೇಯ ಯಾಂಗ್ ಅಂತ ಕರೆದರು. ದೊಡ್ಡ ಮನೆಯವರಿಗೆ ಕಲಿಸುತ್ತ ಅವನ ಕಲೆ ಮೃದುವಾಯಿತು ಅನ್ನೋ ಮಾತೂ ಇದೆ. ಉದ್ದ ನಿಲುವಂಗಿಯಲ್ಲಿ ನೆಗೆಯೋದು, ಕಾಲು ಬಡಿಯೋದು ಯಾರು ಮಾಡುತ್ತಾರೆ? ಆದರೆ ನಾವು ಇವತ್ತು ನೋಡೋ ನಿಧಾನದ, ಒಂದೇ ವೇಗದ, ದೊಡ್ಡ ಭಂಗಿಗಳ ರೂಪ ಮೊಮ್ಮಗ ಯಾಂಗ್ ಚೆಂಗ್‌ಫುವಿನದು. ಹುಟ್ಟು 1883. ಭಾರೀ ಗಾತ್ರದ ಮನುಷ್ಯ. ಬೀಜಿಂಗಿನಿಂದ ಶಾಂಘಾಯ್ ಕಡೆಗೆ ಹೋಗಿ ಎಲ್ಲರಿಗೂ ಕಲಿಸಿದ, 1936ರಲ್ಲಿ ತೀರಿಕೊಂಡ. ಅವನ ಶಿಷ್ಯರಲ್ಲಿ ಒಬ್ಬನಾದ ಝೆಂಗ್ ಮಾನ್‌ಚಿಂಗ್ ಇದನ್ನು ತೈವಾನಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಒಯ್ದ. 1956ರಲ್ಲಿ ಚೀನಾ ಸರ್ಕಾರ ಯಾಂಗ್ ಶೈಲಿಯನ್ನು 24 ಭಂಗಿಗಳಿಗೆ ಇಳಿಸಿ ಸುಲಭ ಮಾಡಿತು. ಜಗತ್ತಿನ ಪಾರ್ಕುಗಳಲ್ಲಿ ಹೆಚ್ಚಿಗೆ ನಡೆಯೋದು ಅದೇ.

ಬೆಳಗ್ಗೆ ಬೇಗ ಸ್ವರ್ಗ ಮಂದಿರದ ಪಾರ್ಕಿಗೆ ಹೋಗಿ. ಪ್ರವಾಸಿಗಳ ಬಸ್ಸು ಬರೋ ಮುಂಚೆ. ಹಳೆಯ ಸೈಪ್ರೆಸ್ ಮರಗಳ ಕೆಳಗೆ ಹತ್ತಾರು ಗುಂಪು. ಒಂದು ಕಡೆ ಹಾಡು, ಒಂದು ಕಡೆ ಇಸ್ಪೀಟು, ಉಳಿದ ಕಡೆ ತಾಯ್ ಚಿ. ಗೆಳತಿ ಒಂದೊಂದನ್ನೇ ಗುರುತಿಸುತ್ತ ಹೋದಳು. ಇದು ಯಾಂಗ್. ಆ ಕಡೆಯದು ಇನ್ನೊಂದು ವು. ಗ್ವಾಂಗ್‌ಫುವಿನ ವು ಅಲ್ಲ, ಯಾಂಗ್ ಇದೇ ಬೀಜಿಂಗಿನಲ್ಲಿ ಕಲಿಸಿದ ಮಂಚು ಸೈನಿಕ ಚುವಾನ್ ಯೂ, ಅವನ ಮಗ ವು ಜಿಯಾನ್‌ಚುವಾನ್ ಕಟ್ಟಿದ್ದು. ಚುರುಕಾಗಿ ಹೆಜ್ಜೆ ಹಾಕುತ್ತಿದ್ದ ಮುದುಕಿಯದು ಸುನ್. ಅದು ಗ್ವಾಂಗ್‌ಫು ವು ಶೈಲಿಯ ಕವಲು. ಐದು ಮುಖ್ಯ ಶೈಲಿಗಳಲ್ಲಿ ಚೆನ್ ಒಂದನ್ನು ಬಿಟ್ಟು ಉಳಿದ ನಾಲ್ಕರ ಗುರುಪರಂಪರೆಯೂ ಆ ಆಳು ಹುಡುಗನನ್ನು ಮುಟ್ಟುತ್ತದೆ. 2020ರಲ್ಲಿ ಯುನೆಸ್ಕೊ ಪಟ್ಟಿಗೆ ತಾಯ್ ಚಿ ಸೇರಿದಾಗ ಚೆನ್‌ಜಿಯಾಗೋ, ಗ್ವಾಂಗ್‌ಫು ಎರಡು ಕಡೆಯೂ ಹಬ್ಬ ಮಾಡಿದರಂತೆ, ರಿಕ್ಷಾದವಳು ಹೇಳಿದ್ದಳು.

ನಾವೂ ಒಂದು ಗುಂಪಿನ ಹಿಂದಿನ ಸಾಲಿಗೆ ಸೇರಿಕೊಂಡೆವು. ಯಾರೂ ಕೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ. 24 ಭಂಗಿ ಮುಗಿದ ಮೇಲೆ ಮುಂದಿದ್ದ ಅಜ್ಜಿ ತಿರುಗಿ ನನ್ನ ಎಡಗಾಲನ್ನು ತನ್ನ ಬೂಟಿನ ತುದಿಯಿಂದ ಎರಡಿಂಚು ಹೊರಗೆ ತಳ್ಳಿದಳು. "ಯಾರ ಹತ್ತಿರ ಕಲಿತದ್ದು?" ಅಂದಳು. ಸಿಂಗಪುರದಲ್ಲಿ ಅಂದೆ. "ಅವರಿಗೆ ಹೇಳು, ಮೊಣಕಾಲು ಹೋಗುತ್ತೆ ಹೀಗೆ ನಿಂತರೆ" ಅಂತ ಹೇಳಿ, ಥರ್ಮಾಸಿನಿಂದ ಬಿಸಿನೀರು ಕುಡಿದು, ಪಕ್ಕದ ಇಸ್ಪೀಟಿನ ಗುಂಪಿಗೆ ಹೊರಟುಹೋದಳು.